ಸಿಲಿಂಡರ್ ಹೆಡ್ಡಿಗೆ ಹಲ್ಲಿನ ಡಾಕ್ಟರು

ನಾನು ಇಪ್ಪತ್ತು ವರ್ಷ ಪಳಗಿದ ಮೆಕ್ಯಾನಿಕ್. ಭಾನುವಾರದ ಡ್ರ್ಯಾಗ್ ರೇಸಿಗೆಂದು ನನ್ನ ಹಳೇ ಕಾರಿನ ಎಂಜಿನ್ ಮೇಲೆ ಮುಚ್ಚಳದಂತೆ ಕೂರುವ ಸಿಲಿಂಡರ್ ಹೆಡ್ ಬಿಚ್ಚಿ, ಗಾಳಿ ಸರಾಗವಾಗಿ ನುಗ್ಗಲೆಂದು ಅದರ ದಾರಿಗಳನ್ನು ಉಜ್ಜಿ ಅಗಲ ಮಾಡುತ್ತಿದ್ದೆ. ಹಲ್ಲಿನ ಡಾಕ್ಟರಾದ ನನ್ನ ಹೆಂಡತಿ ಬಗ್ಗಿ ನೋಡಿದಳು.

“ಏನ್ರೀ ಇದು, ಹೊಲ ಉಳ್ತಿದ್ದೀರಾ? ಸರೀರಿ ಆಚೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಹಲ್ಲು ನೋಡುವ ಪುಟ್ಟ ಕನ್ನಡಿ ಹಿಡಿದು ಅವಳು ಉಜ್ಜಿದ ದಾರಿ ಬೆಣ್ಣೆಯಷ್ಟು ನುಣುಪಾಗಿತ್ತು.

ರೇಸ್ ಗೆದ್ದೆವು. “ಯಾರ ಕೈಕೆಲಸ ಗುರುವೇ?” ಎಂದು ಎಲ್ಲರೂ ಮುತ್ತಿಕೊಂಡಾಗ, ಹಾಳು ಬಾಯಿ, ನಿಜ ಹೇಳಿಬಿಟ್ಟೆ.

ಸೋಮವಾರ ಅವಳ ಕ್ಲಿನಿಕ್ಕಿನಲ್ಲಿ ಕೆನ್ನೆ ಊದಿದವರು ಇಬ್ಬರು. ತೊಡೆಯ ಮೇಲೆ ಸಿಲಿಂಡರ್ ಹೆಡ್ ಇಟ್ಟುಕೊಂಡವರು ಆರು ಜನ. ಗಂಡನಲ್ಲವೇ ಎಂದು ನಾನು ಇನ್ನೊಂದು ಹೆಡ್ ಹೊತ್ತು ನೇರ ಒಳಗೆ ನುಗ್ಗಿದೆ.

ಅವಳು ತಲೆಯೆತ್ತಲಿಲ್ಲ.

“ಟೋಕನ್ ತಗೊಂಡು ಕೂತ್ಕೊಳ್ರೀ.”