ಮಾವ ಬಾರಿಸಿದ ಏಳು ನಿಮಿಷ

‘ಮೈ ಝುಮ್ಮೆನಿಸುವ’ ಎಂದು ಬರೆದು ಹೊಡೆದುಹಾಕಿದ. ಹೋದ ವಾರ ಬರೆದದ್ದೂ ಅದನ್ನೇ. ಆಗಲೂ ಮೈ ಝುಮ್ಮೆಂದಿರಲಿಲ್ಲ.

ಮೇಜಿನ ಮೇಲೆ ಈ ವಾರದ ಹದಿನಾಲ್ಕು ಸಿಂಗಲ್‌ಗಳಿದ್ದವು, ಒಂದೊಂದೇ ಹಾಡಿನ ತಟ್ಟೆಗಳು. ಹೊಸವು ಎಡಕ್ಕೆ, ಹಳೆಯ ಹಾಡುಗಳನ್ನು ಮತ್ತೆ ಅಚ್ಚು ಹಾಕಿದವು ಬಲಕ್ಕೆ. ಹಳೆಯ ಡಿಸ್ಕೊದಿಂದ ಹಿಡಿದು ಈಗಿನ ಹುಡುಗರ ಓಡುವ ತಾಳದ ಡ್ರಮ್ ಅಂಡ್ ಬೇಸ್‌ವರೆಗೆ, ಜನ ಕುಣಿಯುವ ಯಾವ ಸಂಗೀತವಾದರೂ ಸರಿ, ತಲಾ ಐವತ್ತು ಪದಗಳಲ್ಲಿ ಅದರ ಹಣೆಬರಹ ಬರೆಯುವುದು ಪತ್ರಿಕೆಯಲ್ಲಿ ಅವನ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಬರೆಯುತ್ತಿದ್ದ. ಒಮ್ಮೆಯೂ ಕುಣಿದಿರಲಿಲ್ಲ. ಈಜು ಬಾರದವರು ನದಿಯ ನಕ್ಷೆ ಬರೆಯುವುದಿಲ್ಲವೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ.

ಬಲಗಡೆಯ ಗುಡ್ಡೆಯಿಂದ ಒಂದು ಡಿಸ್ಕೊ ತಟ್ಟೆ ತೆಗೆದು ಪ್ಲೇಯರಿಗೆ ಹಾಕಿದ. ನಲವತ್ತೈದು ವರ್ಷ ಹಿಂದಿನದು, ಏಳು ನಿಮಿಷದ್ದು. ಹೊದಿಕೆಯ ಮೇಲೆ ಹಾಡಿದವಳ ಹೆಸರಿತ್ತು, ತುತ್ತೂರಿ ಊದಿದವರ ಹೆಸರುಗಳಿದ್ದವು. ಡ್ರಮ್ಸ್ ಎದುರಿಗೆ ‘ಗೊತ್ತಿಲ್ಲ’ ಎಂದಿತ್ತು.

ಮೂರನೆಯ ನಿಮಿಷದಲ್ಲಿ ಹಾಡುವವಳು, ಊದುವವರು ಎಲ್ಲರೂ ಸುಮ್ಮನಾದರು. ಡ್ರಮ್ ಒಂದೇ ಉಳಿಯಿತು. ಅವನ ಪೆನ್ನು ನಿಂತಿತು. ಯಾರೋ ಹೆಬ್ಬಾಗಿಲನ್ನು ತಾಳ್ಮೆಯಿಂದ ತಟ್ಟುತ್ತಿದ್ದಂತಿತ್ತು, ಒಳಗಿರುವವರು ತೆರೆದೇ ತೆರೆಯುತ್ತಾರೆ ಎಂಬ ನಂಬಿಕೆಯಿಂದ.

ಈ ಪೆಟ್ಟುಗಳನ್ನು ಇವತ್ತೇ ಎಲ್ಲೋ ಕೇಳಿದ್ದ. ಎಡಗಡೆಯ ಗುಡ್ಡೆ ಕೆದಕಿದ. ಬೆಳಿಗ್ಗೆ ಕೇಳಿದ್ದ ಹೊಸ ಡ್ರಮ್ ಅಂಡ್ ಬೇಸ್ ಸಿಂಗಲ್ ಸಿಕ್ಕಿತು. ಹೌದು, ಅದೇ. ಇಪ್ಪತ್ತರ ಹರೆಯದ ಯಾರೋ ಈ ಪೆಟ್ಟುಗಳನ್ನೇ ತುಂಡು ಮಾಡಿ, ವೇಗ ಹೆಚ್ಚಿಸಿ, ಬೆದರಿದ ಕುದುರೆಗಳ ಹಾಗೆ ಓಡಿಸಿದ್ದ.

ಡಿಸ್ಕೊ ತಟ್ಟೆಯ ಹೊದಿಕೆಯನ್ನು ತಿರುವಿ ನೋಡಿದ. ಹಿಂದೆ ರೆಕಾರ್ಡಿಂಗ್ ಕೋಣೆಯ ಫೋಟೊ. ಡ್ರಮ್‌ಗಳ ನಡುವೆ ಬೆವರಿನಲ್ಲಿ ತೊಯ್ದು, ಬಾಯಿ ತೆರೆದು ನಗುತ್ತಿದ್ದ ಯುವಕ. ಆ ಸೀಳು ಹುಬ್ಬು ಅವನಿಗೆ ಗೊತ್ತಿತ್ತು. ಸೋದರಮಾವ.

ಮನೆಯವರು ಮಾವನಿಗೆ ಇಟ್ಟಿದ್ದ ಹೆಸರು ‘ಬೀಗ’. ಹೊಲಿಗೆ ಮೆಷೀನ್ ರಿಪೇರಿಯ ಅಂಗಡಿ. ಕೇಳಿದರೆ ಒಂದು ಮಾತು, ಕೇಳದಿದ್ದರೆ ಅದೂ ಇಲ್ಲ. ಆ ಬಾಯಿ ಅಷ್ಟಗಲ ತೆರೆದದ್ದನ್ನು ಅವನು ಕಂಡೇ ಇರಲಿಲ್ಲ.

ಹೊದಿಕೆಯನ್ನು ಹಿಡಿದುಕೊಂಡು ಎದ್ದ. “ಎಲ್ಲಿಗೆ?” ಎಂದಳು ಸಂಪಾದಕಿ. “ನಾಲ್ಕಕ್ಕೆ ಪುಟ ಅಚ್ಚಿಗೆ ಹೋಗಬೇಕು.”

“ಇದನ್ನ ಬಾರಿಸಿರೋದು ನಮ್ಮ ಮಾವ.”

“ಹೌದಾ? ಚೆನ್ನಾಗಿದೆ. ಐವತ್ತು ಪದದೊಳಗೆ ಬರುತ್ತಾ?”

ಮಾವ ಅಂಗಡಿಯಲ್ಲಿ ಒಬ್ಬರೇ ಇದ್ದರು. ಕೈಯ ಎಣ್ಣೆ ಒರೆಸಿಕೊಂಡು ಫೋಟೊವನ್ನು ಕಣ್ಣಿಂದ ದೂರ ಹಿಡಿದು ನೋಡಿದರು.

“ನೀವೇನಾ ಮಾವ?”

“ಹ್ಞೂಂ.”

“ಯಾರಿಗೂ ಹೇಳಲೇ ಇಲ್ಲವಲ್ಲ!”

“ಯಾರು ಕೇಳಿದ್ರು?”

ಮಾವ ಫೋಟೊದಿಂದ ಕಣ್ಣು ಕೀಳಲಿಲ್ಲ. “ಅಲ್ಲಿಗೆ ಪಿಯಾನೊ ಹೊರೋಕೆ ಹೋಗಿದ್ದೆ. ಡ್ರಮ್ ಬಾರಿಸಬೇಕಾದೋನು ಬರಲಿಲ್ಲ. ನಿಂಗೆ ಬರುತ್ತಾ ಅಂದ್ರು. ಬರುತ್ತೆ ಅಂದೆ. ಒಂದೇ ಸಲಕ್ಕೆ ಆಯ್ತು.”

“ಆಮೇಲೆ?”

“ಆಮೇಲೇನು, ಪಿಯಾನೊ ವಾಪಸ್ ಹೊತ್ವಿ.”

ಅವನು ಫೋನಿನಲ್ಲಿ ಹೊಸ ಸಿಂಗಲ್ ಹಾಕಿದ. “ಇದೂ ನಿಮ್ಮ ಕೈನೇ ಮಾವ. ಎಲ್ಲೆಲ್ಲೋ ಸಾವಿರಾರು ಮಕ್ಕಳು ಇದಕ್ಕೆ ಕುಣೀತಿದ್ದಾರೆ.”

ಮಾವ ತಲೆ ತಗ್ಗಿಸಿ ಕೊನೆಯವರೆಗೂ ಕೇಳಿದರು. ಮುಖದಲ್ಲಿ ಏನೋ ನಿಧಾನವಾಗಿ ಬಿಚ್ಚಿಕೊಂಡಿತು.

“ಅಬ್ಬಾ! ಇಷ್ಟು ಜೋರಾಗಿ ಓಡ್ತಿದೀನಾ ನಾನು? ಎಲ್ಲಿಗಂತೆ?”

ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

“ನೀನು ಕುಣಿದ್ಯಾ?”

“ನಾನು ಬರೆಯೋನು ಮಾವ.”

“ಅದು ಗೊತ್ತು ಕಣೋ. ಕುಣಿದ್ಯಾ ಅಂತ ಕೇಳಿದೆ.”

“ಹೊತ್ತಾಯ್ತು. ನಾಲ್ಕಕ್ಕೆ ಪುಟ ಹೋಗಬೇಕು.”

ಮಾವ ಒತ್ತಾಯಿಸಲಿಲ್ಲ. ರಿಪೇರಿಯಾದ ಕಾಲುಮೆಷೀನೊಂದರ ಮುಂದೆ ಕೂತು, ಸೂಜಿಯ ಕೆಳಗೆ ಕಪ್ಪು ಬಟ್ಟೆಯ ತುಂಡೊಂದನ್ನು ತೂರಿಸಿದರು. “ಒಂದು ನಿಮಿಷ, ಆಚೆ ತುದಿ ಹಿಡ್ಕೋ. ಸರಿಯಾಗಿ ಓಡುತ್ತಾ ನೋಡ್ತೀನಿ.”

ಅವನು ಹಿಡಿದ. ಮಾವನ ಕಾಲು ಆಡತೊಡಗಿತು. ಅಭ್ಯಾಸ ಬಲ, ಗಡಿಯಾರ ನೋಡುತ್ತ ಎಣಿಸಿದ. ನಿಮಿಷಕ್ಕೆ ನೂರ ಹದಿನೆಂಟು ಪೆಟ್ಟು. ತಟ್ಟೆಯಲ್ಲಿದ್ದದ್ದೂ ನೂರ ಹದಿನೆಂಟೇ. ಮತ್ತೆ ಎಣಿಸಿದ. ಕೂದಲೆಳೆಯಷ್ಟೂ ಹಿಂದುಮುಂದಿಲ್ಲ. ನಲವತ್ತೈದು ವರ್ಷ, ಯಾರೂ ಕೇಳದಿದ್ದರೂ, ಈ ಕಾಲು ಇಲ್ಲಿ ಬಾರಿಸುತ್ತಲೇ ಇತ್ತು. ಇಷ್ಟು ದೊಡ್ಡದೊಂದರ ಪಕ್ಕದಲ್ಲಿ ತಾನು ಎಂದೂ ನಿಂತಿರಲಿಲ್ಲ ಎನಿಸಿತು.

ಯಾರೂ ನೋಡುತ್ತಿಲ್ಲ. ಒಂದು ಹೆಜ್ಜೆ, ಬೇಡ, ಒಂದು ಹೆಬ್ಬೆರಳು ಅಲುಗಿಸಿದರೂ ಸಾಕು. ಬೂಟಿನೊಳಗೆ ಬೆರಳುಗಳು ಬೇರೆ ಯಾರದೋ ಎಂಬಂತೆ ಬಿದ್ದುಕೊಂಡಿದ್ದವು. ಜೇಬಿನಲ್ಲಿ ಫೋನು ಗುಂಯ್‌ಗುಡತೊಡಗಿತು, ಸಂಪಾದಕಿ ಇರಬೇಕು.

ಬಟ್ಟೆ ಸರಿದು ಅವನ ಕೈಗೆ ಬರುತ್ತಿತ್ತು. ಉದ್ದಕ್ಕೂ ಸಮ ಅಂತರದ ಸಣ್ಣ ತೂತುಗಳು.

“ಮಾವ, ನೂಲೇ ಇಲ್ಲ.”

“ಓಡುತ್ತಾ ನೋಡೋಕೆ ನೂಲು ಯಾಕೆ?” ಕಾಲು ನಿಲ್ಲಲಿಲ್ಲ.

ಅವನು ತುದಿಯನ್ನು ಬಾಗಿಲ ಕಡೆಯ ಬಿಸಿಲಿಗೆ ಎತ್ತಿ ಹಿಡಿದ. ತೂತುಗಳಿಂದ ಬೆಳಕಿನ ಚುಕ್ಕೆಗಳು ಸಾಲಾಗಿ ಅವನ ಅಂಗಿಯ ಎದೆಯ ಮೇಲೆ ಬಿದ್ದವು. ಯಾರೋ ಅಲ್ಲಿ ನೀಟಾಗಿ ಹೊಲಿದ ಹಾಗೆ ಕಂಡಿತು. ಬಟ್ಟೆ ಕೊಂಚ ಸರಿಯಿತು, ಚುಕ್ಕೆಗಳು ಮಾಯವಾದವು. ಅಂಗಿಯ ಮೇಲೆ ಏನೂ ಇರಲಿಲ್ಲ.