ಶೆಟವಿ ಬರೆದ ಗೋಡೆ

"ಎಲ್ಲದಬೇ ಬಿರುಕು? ತೋರ್ಸು ಅಂದ್ರ ಗ್ವಾಡಿ ಮಾರಿ ನೋಡ್ಕೋತ ನಿಂತೀದಿ. ಸಾಹೇಬ್ರು ತಾಂಡೂರಿಂದ ನಿನ್ನ ಮನಿ ಕುರಿಹಿಕ್ಕಿ ವಾಸನಿ ಕುಡ್ಯಾಕ ಬಂದಾರೇನು?"

ಕಲ್ಲಿನ ಖಣಿಯ ಮಾಲಕ ಲಕ್ಷ್ಮೀಕಾಂತ ಹೊಸ್ತಿಲಾಚೆಯೇ ನಿಂತು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬೈಯುತ್ತಿದ್ದ. ಒಳಗೆ ಇಂಜಿನಿಯರ್ ಸಂಜೀವಕುಮಾರ ಮೊಬೈಲಿನ ಬೆಳಕನ್ನು ಗೋಡೆಯ ಮೇಲೆ ಓಡಿಸುತ್ತಿದ್ದ. ಕೆಮ್ಮಣ್ಣು ಸಗಣಿಯಲ್ಲಿ ಹೊಸದಾಗಿ ಸಾರಿಸಿದ ಗೋಡೆ. ನಟ್ಟನಡುವೆ ಅರಿಶಿಣದಲ್ಲಿ ಬರೆದ ಶೆಟವಿ ದೇವಿ, ಹಣೆತುಂಬ ಕುಂಕುಮ. ಅದರ ಬುಡಕ್ಕೆ ಹೊರಸಿನ ಮೇಲೆ ಬಾಣಂತಿ ಸೊಸೆ ಭವಾನಿ ಗಂಡಸರನ್ನು ಕಂಡು ಮುಸುಕೆಳೆದುಕೊಂಡು, ಕೂಸನ್ನು ಎದೆಗೆ ಅವಚಿಕೊಂಡಿದ್ದಳು.

ಬೈಗುಳ ತಿನ್ನುತ್ತ ಗೋಡೆಯ ಮುಂದೆ ನಿಂತವಳು ಭವಾನಿಯ ಅತ್ತೆ ಅಮೃತಬಾಯಿ. ಬಿರುಕು ಅಲ್ಲೇ ಇತ್ತು, ಶೆಟವಿಯ ಹಿಂದೆಯೇ. ಖಣಿಯಲ್ಲಿ ಬಂಡೆಗೆ ಮದ್ದಿಟ್ಟು ಸುರಂಗ ಹಾರಿಸಿದಾಗಲೆಲ್ಲ ಮಾಳಿಗೆಯ ಹಾಸುಗಲ್ಲಿನ ಸಂದಿಯಿಂದ ಮಣ್ಣು ಉದುರುತ್ತಿತ್ತು. ಬಿರುಕು ಮೇಲಿನ ಮೂಲೆಯಿಂದ ಓರೆಯಾಗಿ ಇಳಿಯುತ್ತ ಬಂದು ಕೈ ತೂರುವಷ್ಟು ಬಾಯಿ ತೆರೆದಿತ್ತು. ಮನೆಗಳು ಬಿರಿಯುತ್ತಿವೆಯೆಂದು ಓಣಿಯವರು ಕಚೇರಿಗೆ ಅಲೆದಲೆದು ಚಪ್ಪಲಿ ಸವೆಸಿದ ಮೇಲೆ ಈ ಸಾಹೇಬ ಬಂದಿದ್ದ. ಅದೂ ಲಕ್ಷ್ಮೀಕಾಂತನ ಕಾರಿನಲ್ಲಿ ಕೂತು.

ಆದರೆ ನಿನ್ನೆ ಕೂಸಿಗೆ ಐದನೆಯ ದಿನ. ಅಂದು ಶೆಟವಿ ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳೆ. ಬಾಣಂತಿಯ ತಲೆದಿಸೆಯ ಗೋಡೆ ಬಿರಿದಿದ್ದರೆ ಬರೆದದ್ದೆಲ್ಲ ಸೋರಿಹೋಗುತ್ತದೆ, ಕೂಸು ದಕ್ಕುವುದಿಲ್ಲ. ಕುರುಬರ ಓಣಿಯಲ್ಲಿ ಅತ್ತೆಯಿಂದ ಸೊಸೆಗೆ ಬಂದ ಮಾತಿದು. ಅಮೃತಬಾಯಿ ಬಿರುಕಿಗೆ ಚಿಂದಿ ತುರುಕಿ, ಹೊಟ್ಟು ಕಲಸಿದ ಮಣ್ಣು ಮೆತ್ತಿ, ತೋಳು ಸೋಲುವ ತನಕ ಸಾರಿಸಿದ್ದಳು. ಮರುದಿನವೇ ಸಾಹೇಬ ಬರುತ್ತಾನೆಂದು ಆಕೆಗೆ ಯಾರು ಹೇಳಬೇಕು?

"ಇದರ ಹಿಂದದರಿ ಸಾಬ. ಕೂಸಿನ ಶೆಟವಿ ಇತ್ರಿ, ನಿನ್ನಿ ಮುಚ್ಚೀನ್ರಿ."

"ಕೆರದು ತೋರ್ಸವ್ವ, ನೋಡೂಣು" ಎಂದ ಸಂಜೀವಕುಮಾರ.

ಅಮೃತಬಾಯಿ ಕೈ ಎತ್ತಿದಳು. ಕೈ ಗೋಡೆ ಮುಟ್ಟಲಿಲ್ಲ. ತೊಟ್ಟಿಲಿಗೆ ಹಾಕುವ ತನಕ ಶೆಟವಿಯನ್ನು ಮುಟ್ಟುವಂತಿಲ್ಲ. ಅಳಿಸಿದರೆ ಕೂಸಿನ ಆಯುಷ್ಯವನ್ನೇ ಅಳಿಸಿದಂತೆ.

"ಬ್ಯಾಡತ್ತಿ" ಎಂದಿತು ಮುಸುಕಿನೊಳಗಿನ ದನಿ.

ಭವಾನಿ ತವರಿಲ್ಲದ ಹುಡುಗಿ. ಎರಡು ಸಲ ಬಸಿರು ಇಳಿದುಹೋಗಿ, ಇದೊಂದು ನಿಂತಿತ್ತು. ಎರಡು ಸಲವೂ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತವಳು ಅಮೃತಬಾಯಿಯೇ.

"ಕೆರಿಯಂಗಿಲ್ರಿ ಸಾಬ. ತೊಟ್ಟಲಕ ಹಾಕಿದ ಮ್ಯಾಲ ಬರ್ರಿ, ನಾನೇ ಕೆರದು ತೋರಸ್ತೀನಿ. ಅಲ್ಲೀತನ ಸುರಂಗ ಹಾರಸೂದು ನಿಂದರಸ್ರಿ. ಬಾಣಂತಿ ಅದಾಳ್ರಿ."

ಲಕ್ಷ್ಮೀಕಾಂತ ಹೊರಗಿನಿಂದಲೇ ನಕ್ಕ. "ಕೇಳಿದ್ರಿಲ್ಲ? ಬಿರುಕು ದೇವ್ರ ಹಿಂದ ಅಡಗಿ ಕುಂತದಂತ. ಸೂಳೇರು, ನನ್ನ ಖಣಿ ಮುಚ್ಚಸಾಕ ಹುಟ್ಯಾರ."

ಇಂಜಿನಿಯರ್ ಬೈಯುವವನಲ್ಲ, ಮೆತ್ತಗಿನ ಮಾತಿನವನು. "ನೋಡವ್ವ, ಇದು ಕರಿ ಮಣ್ಣಿನ ನೆಲ. ಬ್ಯಾಸಿಗ್ಯಾಗ ಒಣಗಿ ಗ್ವಾಡಿ ಸೀಳ್ತದ, ಮಳಿ ಬಿದ್ದಮ್ಯಾಲ ಕೂಡ್ತದ. ಹೌದಿಲ್ಲ?"

"ಹೌದ್ರಿ." ಇದ್ದದ್ದನ್ನು ಇಲ್ಲವೆನ್ನುವುದು ಹೇಗೆ? ಬುಡದಲ್ಲಿ ಬಿಡುವ ಬಿರುಕುಗಳನ್ನು ಆಕೆ ಮದುವೆಯಾಗಿ ಬಂದಾಗಿನಿಂದ ಕಂಡಿದ್ದಳು.

"ಖಣಿ ಬರೂಕಿಂತ ಮುಂಚೇನೂ ಬೀಳ್ತಿದ್ವು?"

"ಬೀಳ್ತಿದ್ವು. ಆದ್ರ ಸಾಬ, ಇದು ಮ್ಯಾಲಿಂದ ಇಳದು..."

"ಸಾಕವ್ವ" ಎಂದು ಅವನು ಮೊಬೈಲಿನ ಬೆಳಕು ಆರಿಸಿದ. ಬಿರುಕು ಮಣ್ಣಿನದು, ಖಣಿಯದಲ್ಲ ಎಂದು ಬರೆದುಕೊಳ್ಳಲು ಅವನಿಗೆ ಬೇಕಾದದ್ದು ಸಿಕ್ಕಿತ್ತು. ಉಳಿದ ಮನೆಗಳ ಹೊಸ್ತಿಲನ್ನೂ ತುಳಿಯದೆ ಕಾರು ಹೊರಟುಹೋಯಿತು.

ಪಕ್ಕದ ಮನೆಯ ಈಶಮ್ಮ ಸೊಂಟಕ್ಕೆ ಕೈಕೊಟ್ಟು ಬಂದಳು. "ಒಂದೀಟು ಕೆರದಿದ್ರ ಶೆಟವಿ ಏನು ಸಾಯ್ತಿದ್ಳೇನು ಅಮೃತಿ? ನಮ್ಮೆಲ್ಲಾರ ಬಾಯಾಗ ಮಣ್ಣು ಹಾಕಿದಿ." ಒಳಗಿನಿಂದ ಭವಾನಿ ಕರೆದಳು. "ಇಲ್ಲಿ ಬಾ ಅತ್ತಿ. ಕೂಸು ನಿದ್ದ್ಯಾಗ ನಗಾಕತ್ತದ ನೋಡು. ಶೆಟವಿ ನಗಸ್ತಾಳ." ಅತ್ತೆ ಸೊಸೆ ಇಬ್ಬರೂ ಬಗ್ಗಿ ನೋಡಿದರು. ಅಷ್ಟರಲ್ಲೇ ಅಮೃತಬಾಯಿಗೆ ಎಲ್ಲ ಮರೆತುಹೋಯಿತು.

ಮರುದಿನ ಮಧ್ಯಾಹ್ನ ಆಕೆ ಅಂಗಳದಲ್ಲಿ ಬಾಣಂತಿಗೆ ಎರೆಯುವ ನೀರಿನ ಹಂಡೆಗೆ ಒಲೆ ಊದುತ್ತಿದ್ದಳು. ಖಣಿಯಲ್ಲಿ ಸುರಂಗ ಹಾರಿತು. ಅಂಗಾಲ ಕೆಳಗೆ ನೆಲ ಎದ್ದು ಕೂತಿತು. ಹಿಂದೆಯೇ ಇನ್ನೊಂದು ಸದ್ದು, ಜೋಳದ ಚೀಲವನ್ನು ಹೆಗಲಿಂದ ಇಳಿಸಿದಂಥದು. ತಿರುಗಿ ನೋಡಿದರೆ ಮುಂಬಾಗಿಲು ಇದ್ದಂತೆಯೇ ಇತ್ತು. ಎಂದೂ ಕತ್ತಲಾಗಿರುತ್ತಿದ್ದ ಖೋಲಿಯೊಳಗೆ ಬಿಸಿಲು ಬಿದ್ದಿತ್ತು.

ಓಣಿಗೆ ಓಣಿಯೇ ಬರಿಗೈಯಲ್ಲಿ ಕುಸಿದ ಮಾಳಿಗೆಯ ಮಣ್ಣು ತೋಡಿತು. ಖಣಿಯಲ್ಲಿ ಮದ್ದಿನ ಬತ್ತಿ ಹಚ್ಚುವ ಮರೆಪ್ಪ ಓಡಿಬಂದು ಹಾಸುಗಲ್ಲಿಗೆ ಎದೆ ಕೊಟ್ಟ. ಅವನ ಉಗುರು ಕಿತ್ತು ನೆತ್ತರು ಇಳಿಯುತ್ತಿತ್ತು. ಭವಾನಿ ಮೊಣಕೈ ಮೊಣಕಾಲು ಊರಿ ಬೋರಲಾಗಿದ್ದಳು. ಬೆನ್ನ ಮೇಲೆ ಕಲ್ಲು, ಹೊಟ್ಟೆಯಡಿಯಲ್ಲಿ ಕೂಸು. ಕೂಸು ಅಳುತ್ತಿತ್ತು. ಅವಳಿಗೆ ಉಸಿರಿರಲಿಲ್ಲ.

ಅಮೃತಬಾಯಿ ಸೊಸೆಯ ಕೂದಲೊಳಗಿನ ಮಣ್ಣನ್ನು ಬೆರಳಲ್ಲಿ ಬಾಚುತ್ತ ಕೂತಳು. ಯಾರು ಎಬ್ಬಿಸಿದರೂ ಏಳಲಿಲ್ಲ. ಹಂಡೆಯಲ್ಲಿ ಕಾದಿದ್ದ ನೀರಲ್ಲೇ ಹೆಣಕ್ಕೆ ಎರೆದರು.

ಕುರಿ ಹೊಡೆದುಕೊಂಡು ನಾರಾಯಣಖೇಡದ ಕಡೆ ಹೋಗಿದ್ದ ಮಗ, ಭವಾನಿಯ ಗಂಡ ಅಮೋಘಸಿದ್ದ, ಸುದ್ದಿ ತಿಳಿದು ಮಣ್ಣು ಮಾಡುವ ಹೊತ್ತಿಗೆ ಬಂದ. ಲಕ್ಷ್ಮೀಕಾಂತನೂ ಒಂದು ಹೂವಿನ ಹಾರ ತಂದ. ಹಾರ ಹಾಕಿ, ಎಲ್ಲರಿಗೂ ಕೇಳಲೆಂದು ದನಿ ಎತ್ತಿದ.

"ಹಸಿ ಗ್ವಾಡಿರಿ ಅದು. ಕೊಡಗಟ್ಲೆ ನೀರು ಹೊಯ್ದು ಸಾರ್ಸ್ಯಾಳ. ನೆನದ ಗ್ವಾಡಿ ನಿಂದರ್ತದೇನು? ಖಣಿದೇನು ತಪ್ಪದ? ಸೊಸಿಗಿ ಅತ್ತಿನೇ ತಿಂದ್ಳು."

ಓಣಿಯವರು ನೆಲ ನೋಡಿದರು. ಅರ್ಧ ಓಣಿಯ ಗಂಜಿ ಅವನ ಖಣಿಯಿಂದಲೇ ಬೇಯುತ್ತಿತ್ತು. ಬಡವನ ಸಿಟ್ಟು ದವಡೆಗೆ ಮೂಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅಮೋಘಸಿದ್ದ ಮಾತ್ರ ತಲೆ ಎತ್ತಿ ತಾಯಿಯ ಮುಖ ನೋಡಿದ.

"ಹೌದೇನವ್ವ?"

ಅಷ್ಟೇ ಕೇಳಿದ. ಮಗನ ಆ ಒಂದು ಮಾತು ಅಮೃತಬಾಯಿಯ ಎದೆಯೊಳಗೆ ಕೆಂಡದಂತೆ ಕೂತುಬಿಟ್ಟಿತು. ನೀರು ಹೊಯ್ದದ್ದು ತಾನೇ ತಾನೆ? ಕೆರೆದು ತೋರಿಸದೆ ಉಳಿದದ್ದೂ ತಾನೇ ತಾನೆ? ಸುಟ್ಟ ಕೈಯನ್ನು ನೋಡಿಕೊಂಡಂತೆ ತನ್ನ ಅಂಗೈ ನೋಡಿಕೊಂಡಳು. ಅದರಲ್ಲಿ ಕೆಮ್ಮಣ್ಣು ಇನ್ನೂ ಹೋಗಿರಲಿಲ್ಲ.

ಮಣ್ಣು ಮಾಡಿದ ಮರುದಿನವೇ ಖಣಿ ಶುರುವಾಯಿತು. ಮರೆಪ್ಪ ಕುಣಿಗಳಿಗೆ ಮದ್ದು ತುಂಬಿ, ಬತ್ತಿ ಎಳೆದು, ಕೆಂಪು ಬಟ್ಟೆ ಬೀಸಿದ. ಕೂಲಿಯವರು ಓಡಿ ಮರೆಯಾದರು. ಅಮೃತಬಾಯಿ ಕೂಸನ್ನು ಈಶಮ್ಮನ ಕೈಗೆ ಕೊಟ್ಟು ಬಂದಿದ್ದಳು. ಎಲ್ಲರೂ ಓಡಿದ ದಿಕ್ಕಿಗೆ ಎದುರಾಗಿ ನಡೆದು, ಮದ್ದು ತುಂಬಿದ ಬಂಡೆಯ ಮೇಲೆ ಕೂತುಕೊಂಡಳು.

"ಏ ಮುದುಕಿ, ಏಳಲೇ" ಎಂದು ಲಕ್ಷ್ಮೀಕಾಂತ ಟಿಪ್ಪರಿನ ಮರೆಯಿಂದ ಕೂಗಿದ. "ರಂಡಿ, ಸಾಯಾಕ ನನ್ನ ಖಣಿನೇ ಬೇಕಾತೇನು ನಿನಗ?"

ಆಕೆ ಅವನತ್ತ ತಿರುಗಲೂ ಇಲ್ಲ.

"ಹಚ್ಚೋ ಮರೆಪ್ಪ" ಎಂದಳು. "ಹಚ್ಚಿ, ಆ ಇಂಜಿನೇರ ಸಾಬಗ ಕರಸು. ನಾ ಮಣ್ಣಿಗಿ ಬಿರದೀನೋ ಮದ್ದಿಗಿ ಬಿರದೀನೋ, ನೋಡಿ ಬರಕೊಳ್ಳಲಿ. ಈ ಸಲ ನಾ ಏನೂ ಮುಚ್ಚಿಲ್ಲ."

"ಹಚ್ಚಲೇ ಸೂಳಿಮಗನ, ಬತ್ತಿ ಉರ್ಯೂದು ನೋಡಿ ತಾನೇ ಓಡ್ತಾಳ" ಎಂದು ಲಕ್ಷ್ಮೀಕಾಂತ ಮರೆಪ್ಪನಿಗೆ ಒದರಿದ.

ಮರೆಪ್ಪ ಬತ್ತಿಯ ತುದಿಯಲ್ಲಿ ಕೂತಿದ್ದ. ಚಿಂದಿ ಸುತ್ತಿದ ಬೆರಳುಗಳ ನಡುವೆ ಬೀಡಿ ಉರಿಯುತ್ತಿತ್ತು. ಅವನು ಬತ್ತಿಗೆ ಮುಟ್ಟಿಸಲಿಲ್ಲ, ಬಿಸಾಕಲೂ ಇಲ್ಲ. ಮೇಲೆ ಖಣಿಯ ಅಂಚಿಗೆ ಓಣಿಯ ಹೆಂಗಸರು ಬಂದು ನಿಂತಿದ್ದರು. ಹಾಲಿಗೆ ಅಳುವ ಕೂಸಿನ ದನಿ ಕೆಳಗಿನ ತನಕ ಕೇಳುತ್ತಿತ್ತು. ಅಮೃತಬಾಯಿ ಕಣ್ಣು ಮುಚ್ಚಿಕೊಂಡಳು, ಏಳಲಿಲ್ಲ. ಈಶಮ್ಮ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಅಮೃತಬಾಯಿ ಕೂತ ಬಂಡೆಯತ್ತ ಖಣಿಯೊಳಗೆ ಇಳಿಯತೊಡಗಿದಳು.