ಮೂರನೇ ಮೇಜು

"ಅಣ್ಣ, ಇದನ್ನ ಯಾರು ಬಿಚ್ಚಿದ್ದು?"

ತನ್ನ ಕಂಪ್ಯೂಟರಿನ ತಗಡಿನ ಸ್ಕ್ರೂ ಸಡಿಲವಾಗಿದ್ದನ್ನು ಕಂಡು ತಂಗಿ ಕೇಳಿದಾಗ ಅಣ್ಣ ಕಾಲೇಜಿನ ಲ್ಯಾಬಿನಲ್ಲಿ ಕೇಬಲ್ಲು ಸುತ್ತಿಡುತ್ತಿದ್ದ. ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿ ಮಾರುವುದು ಅವಳ ಕಸುಬು. ಕೊಳ್ಳುವ ಮುನ್ನ ಕಾಲೇಜಿಗೆ ಬಂದ ಮಾದರಿಗಳಲ್ಲಿ ಯಾವುದು ಚುರುಕು ಎಂದು ಅಳೆದು ಹೇಳುವುದು ಲ್ಯಾಬಿನ ಮೇಲ್ವಿಚಾರಕನಾದ ಅವನ ಕೆಲಸ. ಕಾಲೇಜಿಗೆ ನಲವತ್ತು ಬೇಕಿದ್ದವು. ಎರಡು ದೊಡ್ಡ ಕಂಪನಿಗಳ ಕಂಪ್ಯೂಟರುಗಳ ಪಕ್ಕದಲ್ಲಿ ಅವಳದೂ ಒಂದು ಮೂರನೇ ಮೇಜಿನ ಮೇಲೆ ಕೂತಿತ್ತು. ಈ ಆರ್ಡರ್ ಕೈತಪ್ಪಿದರೆ ಅಂಗಡಿಗೆ ಬೀಗ ಜಡಿದು ಇನ್ಯಾರದೋ ಕೈಕೆಳಗೆ ದುಡಿಯಬೇಕು ಎಂಬುದು ಇಬ್ಬರಿಗೂ ಗೊತ್ತಿತ್ತು.

ಕೈತಪ್ಪಿಯೂ ಆಗಿತ್ತು. ಅಂಕಪಟ್ಟಿ ಬೆಳಿಗ್ಗೆಯೇ ಪ್ರಿನ್ಸಿಪಾಲರ ಮೇಜಿಗೆ ಹೋಗಿ ಸಹಿ ಬಿದ್ದಿತ್ತು. ಪ್ರೊಸೆಸರಿನ ವೇಗದಲ್ಲಿ ಅವಳದೇ ಮೊದಲು. ಮೆಮೊರಿಯ ವೇಗದಲ್ಲಿ ಮಾತ್ರ ನೆಲಕಚ್ಚಿತ್ತು, ಉಳಿದವುಗಳ ಅರ್ಧಕ್ಕೆ ಬಂದು ನಿಂತಿತ್ತು.

"ನಾನೇ ಬಿಚ್ಚಿದ್ದು," ಎಂದ ಅಣ್ಣ. "ಹೇಳಿದ ಮಾಲೇ ಒಳಗಿದ್ಯಾ ಅಂತ ನೋಡ್ಬೇಕಲ್ಲ. ಮೆಮೊರಿ ತೆಗೆದು ನಂಬರ್ ನೋಡ್ದೆ, ವಾಪಸ್ ಹಾಕ್ದೆ. ನಾಳೆ ಯಾರಾದ್ರೂ, ತಂಗೀದು ಅಂತ ಕಣ್ಮುಚ್ಕೊಂಡು ಪಾಸ್ ಮಾಡ್ದ ಅಂದ್ರೆ?"

ಮುಲಾಜಿಲ್ಲದ ಮನುಷ್ಯ ಎಂಬ ಹೆಸರನ್ನು ಅವನು ಇಸ್ತ್ರಿ ಹಾಕಿದ ಅಂಗಿಯಂತೆ ಜೋಪಾನ ಮಾಡಿಕೊಂಡು ಬಂದಿದ್ದ. ಮನೆಯಲ್ಲಿ ಇಸ್ಪೀಟಾಡುವಾಗಲೂ ತಂಗಿಯ ಎಲೆಗಳನ್ನೇ ಎರಡು ಸಲ ಎಣಿಸುತ್ತಿದ್ದ.

ಅವಳು ಮೇಜಿನ ಮೇಲಿದ್ದ ಅವನ ಸ್ಕ್ರೂಡ್ರೈವರಿನಿಂದ ಸ್ಕ್ರೂ ಬಿಚ್ಚಿ ಪಕ್ಕದ ತಗಡು ಸರಿಸಿದಳು. ಒಳಗಿನ ನಾಲ್ಕು ಸ್ಲಾಟುಗಳಲ್ಲಿ ಒಂದು ಬಿಟ್ಟು ಒಂದರಲ್ಲಿ ಅವಳು ಕೂರಿಸಿದ್ದ ಎರಡು ಮೆಮೊರಿ ಪಟ್ಟಿಗಳು ಈಗ ಅಕ್ಕಪಕ್ಕದಲ್ಲಿದ್ದವು. ಹಾಗೆ ಕೂತರೆ ಅವು ಜೋಡಿಯಾಗಿ ಓಡುವುದಿಲ್ಲ, ಒಂದೇ ದಾರಿಯಲ್ಲಿ ಸಾಲು ನಿಲ್ಲುತ್ತವೆ, ವೇಗ ಅರ್ಧಕ್ಕಿಳಿಯುತ್ತದೆ. ಇದನ್ನು ಅವಳಿಗೆ ಕಲಿಸಿದವನು ಅಣ್ಣನೇ. ಮೊನ್ನೆ ಮಾತ್ರ, ತಂಗಿಯ ಕಂಪ್ಯೂಟರಿನೊಳಗೆ ಕೈ ಹಾಕಿರುವುದನ್ನು ಯಾರಾದರೂ ಕಂಡರೆ ಏನೆಂದಾರು ಎಂಬ ದಿಗಿಲಿನಲ್ಲಿ, ಕಣ್ಣು ಬಾಗಿಲ ಮೇಲಿಟ್ಟುಕೊಂಡು ಸಿಕ್ಕ ಸ್ಲಾಟಿಗೆ ಒತ್ತಿಬಿಟ್ಟಿದ್ದ.

ಅವಳು ಪಟ್ಟಿಯನ್ನು ಅದರ ಜಾಗಕ್ಕೆ ಹಾಕಿ ಅದೇ ಪರೀಕ್ಷೆಯನ್ನು ಮತ್ತೆ ಓಡಿಸಿದಳು. ಪರದೆಯ ಮೇಲೆ ಮೂಡಿದ ಅಂಕ ಉಳಿದೆರಡಕ್ಕಿಂತ ಮೇಲಿತ್ತು. ಅಣ್ಣ ಕೈಯಲ್ಲಿದ್ದ ಕೇಬಲ್ಲನ್ನು ಕೆಳಗಿಟ್ಟ.

"ಈಗ್ಲೇ ಹೋಗಿ ಪ್ರಿನ್ಸಿಪಾಲರಿಗೆ ಹೇಳ್ತೀನಿ."

"ಏನಂತ? ತಂಗೀದನ್ನ ಇನ್ನೊಂದ್ಸಲ ಅಳೆದೆ, ಫಸ್ಟ್ ಬಂತು ಅಂತಾನಾ?"

ಅವಳು ವೈರು ಕಿತ್ತು, ಕಂಪ್ಯೂಟರನ್ನು ರಟ್ಟಿನ ಪೆಟ್ಟಿಗೆಗೆ ಇಳಿಸಿದಳು. ಅವನು ಬಂದು ಇನ್ನೊಂದು ಬದಿಯನ್ನು ಹಿಡಿದುಕೊಂಡ.

"ಬಿಡಣ್ಣ. ಯಾರಾದ್ರೂ ನೋಡಿದ್ರೆ ಕಷ್ಟ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲವೇನೋ. ಅವಳು ಪೆಟ್ಟಿಗೆಯನ್ನು ಎದೆಗವಚಿಕೊಂಡು, ಭುಜದಿಂದ ಬಾಗಿಲು ತಳ್ಳಿ ಹೊರಟುಹೋದಳು.

ಸ್ಕ್ರೂಡ್ರೈವರ್ ಮೂರನೇ ಮೇಜಿನ ಮೇಲೆಯೇ ಉಳಿದಿತ್ತು. ಪಕ್ಕದ ಎರಡು ಕಂಪ್ಯೂಟರುಗಳ ಹಿಂಬದಿಯಲ್ಲಿ ಕಂಪನಿಯವರು ಅಂಟಿಸಿ ಕಳಿಸಿದ್ದ ಕೆಂಪು ಸೀಲುಗಳು ಒಂದು ಗೀರೂ ಇಲ್ಲದೆ ಹಾಗೆಯೇ ಇದ್ದವು.